ಐದು ವಾರ ಊರಿಗೆ ಹೋಗ್ತಿದ್ದೇವೆ, ಡಲ್ಲಾಸ್ ಮನೆಯ ಪೈಪುಗಳನ್ನು ಏನು ಮಾಡೋದು?

ಸುಧಾ_ಫ್ರಿಸ್ಕೊ:
ಎಲ್ಲರಿಗೂ ನಮಸ್ಕಾರ. ಧನುರ್ಮಾಸ ಮುಗಿದ ಮೇಲೆ ಹಾಸನದಲ್ಲಿ ತಂಗಿ ಮದುವೆ. ಡಿಸೆಂಬರ್ ಕೊನೆಯಲ್ಲಿ ಹೊರಟರೆ ಜನವರಿ ಕೊನೆಗೆ ವಾಪಸ್. ಐದು ವಾರ ಮನೆ ಖಾಲಿ. ಎರಡು ಮಹಡಿ, 1998ರಲ್ಲಿ ಕಟ್ಟಿದ್ದು, ನೀರಿನ ಪೈಪು ಅಟ್ಟದಲ್ಲೇ ಹಾದು ಹೋಗಿದೆ.

ಚಳಿಗೆ ನೀರು ಐಸ್ ಆಗಿ ಪೈಪು ಒಡೆದೀತು ಅಂತ ಇಷ್ಟು ಭಯ ಯಾಕೆ ಅಂದರೆ, 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ಗೆಲ್ಲ ಭಾರಿ ಚಳಿ ಬಡಿದಾಗ ನಾವು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ದಿನ ಕರೆಂಟಿಲ್ಲ. ಮೂರನೇ ದಿನ ಬಿಸಿಲು ಬಂತು, ಅಬ್ಬಾ ಅಂದುಕೊಂಡೆ. ಮಧ್ಯಾಹ್ನ ಮಲಗುವ ಕೋಣೆಯ ಸೂರಿನಲ್ಲಿ ಬೋಂಡದಷ್ಟು ಒಂದು ಉಬ್ಬು ಕಾಣಿಸಿತು. ನೋಡ್ತಾ ನೋಡ್ತಾ ಅದು ದೊಡ್ಡ ತಟ್ಟೆಯಷ್ಟಾಯಿತು. ಆಮೇಲೆ ಸೂರೇ ಹಾಸಿಗೆ ಮೇಲೆ ಬಿತ್ತು. ನನ್ನ ಮದುವೆ ಸೀರೆಗಳ ಸೂಟ್‌ಕೇಸ್ ಅದೇ ಮಂಚದ ಕೆಳಗಿತ್ತು.

ಈಗ ನಮ್ಮವರು ಹೇಳೋದು, ನಲ್ಲಿಗಳನ್ನೆಲ್ಲ ಸಣ್ಣಗೆ ಹನಿಯೋಕೆ ಬಿಟ್ಟು ಹೋಗೋಣ ಅಂತ. ನಾನು ಹೇಳೋದು, ಇಡೀ ಮನೆಗೆ ನೀರು ಬಿಡೋ ಮೇನ್ ವಾಲ್ವ್ ಮುಚ್ಚಿ ಹೋಗೋಣ ಅಂತ. ಯಾರು ಸರಿ?

ಜಯನಗರ_ಜಗ್ಗ:
ಬೆಂಗಳೂರಿಗೆ ಬಂದುಬಿಡಿ ಮೇಡಂ. ನಮ್ಮ ಪೈಪಿನಲ್ಲಿ ನೀರೇ ಬರಲ್ಲ, ಐಸ್ ಆಗೋದು ಇನ್ನೆಲ್ಲಿ.

ರವಿ_ಹ್ಯೂಸ್ಟನ್:
ನೀವೇ ಸರಿ. ಮೇನ್ ಮುಚ್ಚಿ. ಐದು ವಾರ ಯಾರೂ ಇಲ್ಲದ ಮನೆಯಲ್ಲಿ ನಲ್ಲಿ ಹನಿಸೋದು ಎಂಥ ಲೆಕ್ಕ? ಸಿಂಕಿನ ತೂತು ಕಟ್ಟಿಕೊಂಡರೆ ಅದೇ ಇನ್ನೊಂದು ಪ್ರವಾಹ. ಅಲ್ಲದೆ ಎಲ್ಲರೂ ಹನಿಸಿದರೆ ಊರಿಗೇ ಒತ್ತಡ ಇರಲ್ಲ. 2021ರಲ್ಲಿ ನಮ್ಮ ಮೇಯರ್ರೇ ದಯವಿಟ್ಟು ನಲ್ಲಿ ಬಿಡಬೇಡಿ ಅಂತ ಕೇಳಿಕೊಂಡಿದ್ದರು.

ಮಂಜಿನೂರು_ಮಂಜುನಾಥ:
ಮಿನಿಯಾಪೊಲಿಸ್‌ನಿಂದ. ಡಲ್ಲಾಸ್ ಚಳಿಯೂ ಒಂದು ಚಳಿನಾ ಗುರು? ನಮ್ಮಲ್ಲಿ ವರ್ಷಾ ವರ್ಷಾ ಮೈನಸ್ ಇಪ್ಪತ್ತು ಸೆಲ್ಸಿಯಸ್ ಬರುತ್ತೆ. ನಲ್ಲಿ ಹನಿಸಿದವರನ್ನು ನಾನು ನೋಡೇ ಇಲ್ಲ.

ರವಿ_ಹ್ಯೂಸ್ಟನ್:
@ಮಂಜಿನೂರು_ಮಂಜುನಾಥ ಬಂತಪ್ಪ ಉತ್ತರದಿಂದ ಉಪದೇಶ. ನಿಮ್ಮಲ್ಲಿ ರಸ್ತೆ ಕೆಳಗಿನ ಪೈಪು ಏಳೆಂಟು ಅಡಿ ಆಳದಲ್ಲಿರುತ್ತೆ. ಮನೆಗೆ ಬೆಚ್ಚಗಿನ ಬೇಸ್‌ಮೆಂಟ್ ಇರುತ್ತೆ, ಪೈಪು ಅಲ್ಲಿಂದ ಒಳಗೋಡೆಯಲ್ಲಿ ಏರುತ್ತೆ. ಇಲ್ಲಿ ಬೇಸ್‌ಮೆಂಟೇ ಇಲ್ಲ. ಸಿಮೆಂಟ್ ಹಾಸಿನ ಮೇಲೆ ಮನೆ, ಪೈಪು ಅಟ್ಟದಲ್ಲಿ. ಆ ಅಟ್ಟಕ್ಕೂ ಹೊರಗಿನ ಗಾಳಿಗೂ ನಡುವೆ ಬೇಸಿಗೆ ಸೆಖೆ ಹೊರಗೆ ಹೋಗಲಿ ಅಂತ ಬಿಟ್ಟ ಕಿಂಡಿಗಳು. 2021ರ ಫೆಬ್ರವರಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್ ಇತ್ತು. ಸೆಲ್ಸಿಯಸ್‌ನಲ್ಲಿ ಮೈನಸ್ 19. ಪಂಚೆ ಉಟ್ಟುಕೊಂಡು ಹಿಮಾಲಯಕ್ಕೆ ಹೋದ ಹಾಗೆ ಆಗಿತ್ತು ನಮ್ಮ ಮನೆಗಳ ಗತಿ.

ಮಂಜಿನೂರು_ಮಂಜುನಾಥ:
ಸರಿ ಸರಿ, ಒಪ್ಪಿದೆ. ಪಂಚೆ ಹೋಲಿಕೆ ಚೆನ್ನಾಗಿದೆ.

ಕೊಳಾಯಿ_ಕಿಟ್ಟಿ:
ಶಿಕಾಗೋ, ಮೆಕ್ಯಾನಿಕಲ್ ಇಂಜಿನಿಯರ್. ಹನಿಸೋದು ಯಾಕೆ ಅಂತ ಮೊದಲು ಗೊತ್ತಾಗಬೇಕು. ಜಾಸ್ತಿ ಜನಕ್ಕೆ ತಪ್ಪು ಕಲ್ಪನೆ ಇದೆ.

ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಉಬ್ಬುತ್ತೆ, ಅದು ಎಲ್ಲರಿಗೂ ಗೊತ್ತು. ಆದರೆ ಸಾಮಾನ್ಯವಾಗಿ ಪೈಪು ಒಡೆಯೋದು ಐಸ್ ಆದ ಜಾಗದಲ್ಲೇ ಅಲ್ಲ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ತಳ್ಳಿ ನೋಡಿ, ಹಾಗೆ. ಅಟ್ಟದಲ್ಲಿ ಒಂದು ಕಡೆ ಐಸ್ ಬಿರಡೆ ಕಟ್ಟುತ್ತೆ. ಅದು ಬೆಳೀತಾ ಬೆಳೀತಾ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ಒತ್ತುತ್ತೆ. ಬಿರಡೆಗೂ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗೋಕೆ ಜಾಗವಿಲ್ಲ. ಒತ್ತಡ ಏರಿ ಏರಿ ಎಲ್ಲೋ ಬಲ ಕಡಿಮೆ ಇರೋ ಕಡೆ ಸೀಳುತ್ತೆ. ಸೀಳಿದ ಜಾಗದಲ್ಲಿ ಐಸೇ ಇಲ್ಲದಿರಬಹುದು. ನಲ್ಲಿ ಒಂಚೂರು ತೆರೆದಿದ್ದರೆ ಆ ಒತ್ತಡ ಹನಿ ಹನಿಯಾಗಿ ಹೊರಗೆ ಹೋಗುತ್ತೆ, ಪೈಪು ಉಳಿಯುತ್ತೆ. ನೀರು ಹರೀತಾ ಇದ್ದರೆ ಐಸ್ ಆಗಲ್ಲ ಅನ್ನೋದು ಅರ್ಧ ಸತ್ಯ ಅಷ್ಟೇ.

ಸುಧಾ ಅವರ ಸೂರು ಬಿಸಿಲು ಬಂದ ಮೇಲೆ ಬಿದ್ದದ್ದಕ್ಕೂ ಇದೇ ಕಾರಣ. ಒಡೆದದ್ದು ಮುಂಚೆಯೇ. ಬಿರಡೆ ಕರಗಿದ ಮೇಲೆ ನೀರು ಧುಮುಕಿತು.

ಪ್ರಸನ್ನ_ಎಡಿಸನ್:
ಬಿಸಿನೀರಿನ ನಲ್ಲಿಯನ್ನೂ ಹನಿಸಬೇಕಾ? ಅದು ಬಿಸಿ ಇರುತ್ತಲ್ವಾ.

ಕೊಳಾಯಿ_ಕಿಟ್ಟಿ:
ನೀವು ಉಪಯೋಗಿಸದೆ ರಾತ್ರಿಯೆಲ್ಲ ನಿಂತರೆ ಅದೂ ತಣ್ಣೀರೇ ಸಾರ್. ಎರಡನ್ನೂ ಹನಿಸಿ. ಒಂದೇ ಹಿಡಿಕೆಯ ನಲ್ಲಿ ಇದ್ದರೆ ಹಿಡಿಕೆ ನಡುವೆ ಇರಲಿ.

ಪ್ರಸನ್ನ_ಎಡಿಸನ್:
ಬಿಸಿನೀರು ತಣ್ಣೀರಿಗಿಂತ ಬೇಗ ಐಸ್ ಆಗುತ್ತೆ ಅಂತ ಎಲ್ಲೋ ಓದಿದ್ದೆ.

ಕೊಳಾಯಿ_ಕಿಟ್ಟಿ:
ಆ ಜಗಳ ಇಲ್ಲಿ ಬೇಡ ಸಾರ್, ರಾತ್ರಿ ಕಳೆದುಹೋಗುತ್ತೆ.

ಪಾವಗಡದ_ಪದ್ಮ:
ಆಸ್ಟಿನ್‌ನಿಂದ. ನಲ್ಲಿ ಹನಿಸೋ ವಿಷಯಕ್ಕೆ ನನ್ನದೊಂದು ಕತೆ.

ಅಮ್ಮ ಮೊದಲ ಸಲ ಬಂದಿದ್ದರು. ಪಾವಗಡದವರು. ಟ್ಯಾಂಕರ್ ಬಂದ ದಿನವೇ ಹಬ್ಬ ಅಂತ ಬದುಕಿದವರು. ಆ ರಾತ್ರಿ ಭಾರಿ ಚಳಿ ಅಂತ ಎಚ್ಚರಿಕೆ ಕೊಟ್ಟಿದ್ದರು. ನಾನು ಅಡುಗೆಮನೆ, ಎರಡು ಬಚ್ಚಲು, ಎಲ್ಲ ನಲ್ಲಿಗಳನ್ನೂ ಹದವಾಗಿ ಹನಿಯೋಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಮನೆ ನಿಶ್ಶಬ್ದ. ಟಪ್ ಟಪ್ ಸದ್ದೇ ಇಲ್ಲ. ಅಯ್ಯೋ ಪೈಪು ಕಟ್ಟಿಕೊಂಡಿತು ಅಂತ ಓಡಿದೆ. ಅಮ್ಮ ಸೋಫಾ ಮೇಲೆ ಕೂತು, "ಇಡೀ ಮನೇಲಿ ನಲ್ಲಿ ಸೋರ್ತಾ ಇದ್ವಲ್ಲೇ, ಒಂದೊಂದಾಗಿ ತಿರುಗಿಸಿ ನಿಲ್ಲಿಸೋ ಹೊತ್ತಿಗೆ ನನ್ನ ಮಣಿಕಟ್ಟು ಹೋಯ್ತು. ವಾಷರ್ ಹಾಕ್ಸು" ಅಂದರು.

ಪುಣ್ಯಕ್ಕೆ ಏನೂ ಒಡೆದಿರಲಿಲ್ಲ. ಮಾರನೇ ರಾತ್ರಿ ಎಲ್ಲ ವಿವರಿಸಿ ಹೇಳಿದೆ. ಕೇಳಿಸಿಕೊಂಡರು. ಆದರೆ ಪ್ರತಿ ನಲ್ಲಿ ಕೆಳಗೂ ಒಂದು ಪಾತ್ರೆ ಇಟ್ಟರು. ಬೆಳಿಗ್ಗೆ ಆ ನೀರಲ್ಲೇ ಅಕ್ಕಿ ತೊಳೆದು, ಗಿಡಕ್ಕೆ ಹಾಕಿ, ಉಳಿದದ್ದರಲ್ಲಿ ನೆಲ ಒರೆಸಿದರು. ನಾನು ಈಗಲೂ ಹಾಗೇ ಮಾಡ್ತೀನಿ.

ಸುಧಾ_ಫ್ರಿಸ್ಕೊ:
@ಪಾವಗಡದ_ಪದ್ಮ ನಕ್ಕು ನಕ್ಕು ಸಾಕಾಯಿತು ಅಕ್ಕ. ನಮ್ಮತ್ತೆಯೂ ಇದೇ ಜಾತಿ.

ಜಯನಗರ_ಜಗ್ಗ:
ಅಮ್ಮನೇ ಸರಿ. ವಾಷರ್ ಹಾಕ್ಸಿ.

ನಂದಿನಿ_ಕೊಲಂಬಸ್:
ಸದ್ದಿಗೆ ನಿದ್ದೆ ಬರದಿದ್ದರೆ ನಲ್ಲಿ ಬಾಯಿಗೆ ಒಂದು ನೂಲು ಕಟ್ಟಿ ಸಿಂಕಿನ ತಳದವರೆಗೆ ಇಳಿಬಿಡಿ. ನೀರು ನೂಲು ಹಿಡಿದುಕೊಂಡು ಸದ್ದಿಲ್ಲದೆ ಇಳಿಯುತ್ತೆ.

ಸಿಂಕಿನ ಕೆಳಗಿನ ಬಾಗಿಲು ತೆರೆದಿಡೋದನ್ನು ಯಾರೂ ಹೇಳಲಿಲ್ಲ. ಹೊರಗೋಡೆಗೆ ಅಂಟಿಕೊಂಡಿರೋ ಸಿಂಕ್ ಆದರೆ ಮನೆಯ ಬಿಸಿ ಪೈಪಿನವರೆಗೆ ಹೋಗಲಿ ಅಂತ ಆ ಬಾಗಿಲು ತೆರೆದಿರಬೇಕು. ಮಕ್ಕಳಿದ್ದರೆ ಅಲ್ಲಿರೋ ಫಿನಾಯಿಲ್, ಸೋಪಿನ ಪುಡಿ ಎಲ್ಲ ಮೇಲಕ್ಕೆ ಎತ್ತಿಡಿ. ನಾನು ಹಾಗೆ ತೆರೆದಿಟ್ಟಾಗಲೇ ಕಂಡದ್ದು, ಪೈಪು ಗೋಡೆಯೊಳಗೆ ಹೋಗೋ ಕಡೆ ಹೆಬ್ಬೆಟ್ಟು ತೂರುವಷ್ಟು ಸಂದು. ಕೈ ಇಟ್ಟರೆ ಸುಯ್ ಅಂತ ಗಾಳಿ. ಡಬ್ಬಿಯಲ್ಲಿ ಬರೋ ಫೋಮ್ ಊದಿ ಮುಚ್ಚಿದೆ. ಚಳಿಗಿಂತ ಈ ಗಾಳಿಯೇ ಪೈಪಿಗೆ ಯಮ.

ಪ್ರಸನ್ನ_ಎಡಿಸನ್:
ನಮ್ಮನೇಲಿ ಆ ಸಿಂಕಿನ ಕೆಳಗೇ ದೋಸೆ ಹಿಟ್ಟು ಇಡೋದು. ಬಾಗಿಲು ತೆರೆದರೆ ಹುಳಿ ಬರಲ್ವಲ್ಲ.

ನಂದಿನಿ_ಕೊಲಂಬಸ್:
ಓವನ್ ಒಳಗೆ ದೀಪ ಹಾಕಿ ಇಡಿ. ಓವನ್ ಹಚ್ಚಬೇಡಿ, ದೀಪ ಮಾತ್ರ.

ಪ್ರಸನ್ನ_ಎಡಿಸನ್:
ನಮ್ಮ ಮನೆಯವಳು ಅದರೊಳಗೆ ಹಿಟ್ಟು ಇದೆ ಅನ್ನೋದು ಮರೆತು 400 ಡಿಗ್ರಿಗೆ ಹಚ್ಚಿದಳು ಒಂದು ಸಲ. ಪ್ಲಾಸ್ಟಿಕ್ ಡಬ್ಬಿ.

ವೇದಿಕೆ_ನಿರ್ವಾಹಕ:
ದೋಸೆಗೆ ಬೇರೆ ಎಳೆ ಇದೆ. ಪೈಪಿಗೆ ವಾಪಸ್ ಬನ್ನಿ.

ಲೀಡ್ಸ್_ಲೋಕೇಶ:
ಇಂಗ್ಲೆಂಡಿನದು ಬೇರೆಯೇ ಗೋಳು. ನಮ್ಮ ಬಾಯ್ಲರ್‌ನಿಂದ ಹೊರಗೋಡೆಗೆ ಒಂದು ಸಣ್ಣ ಪ್ಲಾಸ್ಟಿಕ್ ಪೈಪು ಬರುತ್ತೆ, ಆವಿ ನೀರಾಗಿದ್ದು ಹನಿಯೋಕೆ. ಚಳಿ ಜೋರಾದ ಬೆಳಿಗ್ಗೆ ಅದು ಕಟ್ಟಿಕೊಂಡು ಬಾಯ್ಲರ್ ಗುಳುಗುಳು ಅಂದು ನಿಂತುಬಿಡುತ್ತೆ. ಮೊದಲ ವರ್ಷ ಮೆಕ್ಯಾನಿಕ್ ಕರೆಸಿ ದುಡ್ಡು ಸುರಿದೆ. ಆತ ಬಂದು ಒಂದು ಚೆಂಬು ಬೆಚ್ಚಗಿನ ನೀರು ಹುಯ್ದು ಹೋದ. ಕುದಿಯೋ ನೀರು ಹಾಕಬೇಡಿ, ಪ್ಲಾಸ್ಟಿಕ್ ಸೀಳುತ್ತೆ. ಮೈಗೆ ಹುಯ್ದುಕೊಳ್ಳೋ ಬಿಸಿ ಸಾಕು.

ಸುಬೇದಾರ್_ಮಡಿಕೇರಿ:
ನಾನು ಲೇಹ್ ಕಡೆ ಎರಡು ಚಳಿಗಾಲ ಕಳೆದವನು, ಈಗ ನಿವೃತ್ತ. ಅಲ್ಲಿ ರಾತ್ರಿ ಮೈನಸ್ ಇಪ್ಪತ್ತು ಸೆಲ್ಸಿಯಸ್. ನಮ್ಮ ಪೋಸ್ಟಿನಲ್ಲಿ ನಲ್ಲಿಯೇ ಇರಲಿಲ್ಲ. ಬುಖಾರಿ, ಅಂದರೆ ಕೋಣೆ ಬಿಸಿ ಮಾಡುವ ಒಲೆ, ಅದರ ಮೇಲೆ ಡಬ್ಬಿ ಇಟ್ಟು ಮಂಜು ಕರಗಿಸುತ್ತಿದ್ದೆವು. ಡಬ್ಬಿ ತುಂಬ ಮಂಜು ಹಾಕಿದರೆ ತಳದಲ್ಲಿ ಒಂದಿಷ್ಟು ನೀರು. ಹೊಸ ಹುಡುಗರು ಜೆರ್ರಿಕ್ಯಾನ್ ಕಂಠಪೂರ್ತಿ ತುಂಬಿಸಿಡೋರು. ಬೆಳಿಗ್ಗೆ ಅದರ ಹೊಟ್ಟೆ ಉಬ್ಬಿ ಹೊಲಿಗೆ ಬಿಟ್ಟಿರೋದು. ಮುಕ್ಕಾಲು ತುಂಬಿಸಬೇಕು. ಮೇಲಿನವರು ಹೇಳಿದ 9 ಪರ್ಸೆಂಟ್ ನಾನು ಕಲಿತದ್ದು ಹಾಗೆ.

ಕೆಳಗೆ ಊರಿನವರು ಸಂಜೆಯೇ ಡ್ರಮ್ಮಿಗೆ ನೀರು ತುಂಬಿಸಿ ಒಲೆ ಇರುವ ಕೋಣೆಯಲ್ಲಿ ಇಡುತ್ತಿದ್ದರು. ಈಗ ಲಡಾಖ್‌ನಲ್ಲಿ ಪೈಪನ್ನು ಐಸ್ ಇಳಿಯುವ ಆಳಕ್ಕಿಂತ ಕೆಳಗೆ ಹೂಳುತ್ತಿದ್ದಾರೆ ಎಂದು ಅಲ್ಲಿರುವ ಹುಡುಗರು ಹೇಳುತ್ತಾರೆ. ಸುಧಾ ಅವರಿಗೆ ನನ್ನ ಮಾತು ಒಂದೇ: ಪೈಪಿನಲ್ಲಿ ನೀರು ಇಲ್ಲದಿದ್ದರೆ ಒಡೆಯಲು ಏನೂ ಇಲ್ಲ. ಖಾಲಿ ಮಾಡಿ ಹೋಗಮ್ಮ.

ಸುಧಾ_ಫ್ರಿಸ್ಕೊ:
ಧನ್ಯವಾದ ಸಾರ್. ನಮ್ಮವರಿಗೆ ತೋರಿಸಿದೆ. "ಸೈನ್ಯದವರು ಹೇಳಿದರೆ ಮುಗೀತು" ಅಂದರು. ಈಗ ಪ್ರಶ್ನೆ ಖಾಲಿ ಮಾಡೋದು ಹೇಗೆ ಅಂತ. ಮೇನ್ ಮುಚ್ಚಿದರೆ ಸಾಕಾ?

ರವಿ_ಹ್ಯೂಸ್ಟನ್:
ಸಾಲದು. ಮುಚ್ಚಿದರೆ ಹೊಸ ನೀರು ಬರಲ್ಲ ಅಷ್ಟೇ, ಒಳಗಿದ್ದದ್ದು ಒಳಗೇ ಇರುತ್ತೆ. ಮೇನ್ ಮುಚ್ಚಿ ಮೇಲಿನ ಮಹಡಿಯ ನಲ್ಲಿಗಳನ್ನೆಲ್ಲ ತೆರೆಯಿರಿ, ಗಾಳಿ ಒಳಗೆ ಬರಲಿ. ಆಮೇಲೆ ಎಲ್ಲಕ್ಕಿಂತ ತಗ್ಗಿನಲ್ಲಿರೋ ನಲ್ಲಿ ತೆರೆಯಿರಿ. ಸಾಮಾನ್ಯವಾಗಿ ಅದು ಹೊರಗಿನ ಗಾರ್ಡನ್ ನಲ್ಲಿ. ಗೊಳ ಗೊಳ ಅಂತ ಹರಿದು, ಕೆಮ್ಮಿ, ನಿಲ್ಲುತ್ತೆ. ಟಾಯ್ಲೆಟ್ ಒಂದೊಂದು ಸಲ ಫ್ಲಶ್ ಮಾಡಿ. ಫ್ರಿಜ್ಜಿಗೆ ಐಸ್ ಮಾಡೋ ಪೈಪು ಇದ್ದರೆ ಆ ಐಸ್ ಮೇಕರ್ ನಿಲ್ಲಿಸಿ.

ನೀರಿನ ಹೀಟರ್ ಗ್ಯಾಸಿನದಾದರೆ ಅದರ ಗುಂಡಿಯನ್ನು ವೆಕೇಶನ್ ಅಂತ ಬರೆದಿರೋ ಕಡೆಗೆ ತಿರುಗಿಸಿ. ಕರೆಂಟಿನದಾದರೆ ಬ್ರೇಕರ್ ಆಫ್ ಮಾಡಿ. ಟ್ಯಾಂಕ್ ಖಾಲಿ ಇದ್ದು ಕಾಯಿಲ್ ಕಾದರೆ ಸುಟ್ಟು ಹೋಗುತ್ತೆ.

ಮಹೇಶ_ಇರ್ವಿಂಗ್:
ಹಾಗಾದರೆ ಮನೆ ಹೀಟರೂ ಆಫ್ ಮಾಡಿ ಹೋಗಬಹುದಲ್ವಾ? ನೀರೇ ಇಲ್ಲ ಅಂದ ಮೇಲೆ ಐದು ವಾರದ ಗ್ಯಾಸ್ ಸುಮ್ನೆ ಯಾಕೆ ಸುಡಬೇಕು.

ಕೊಳಾಯಿ_ಕಿಟ್ಟಿ:
ದಯವಿಟ್ಟು ಬೇಡ. ಅಡ್ಡ ಹೋಗಿರೋ ಪೈಪಿನ ಬಗ್ಗಿದ ಕಡೆಯೆಲ್ಲ ನೀರು ನಿಂತೇ ಇರುತ್ತೆ. ಸಿಂಕು, ಕಮೋಡಿನ ಬಾಗಿದ ಕೊಳವೆಯಲ್ಲೂ ನೀರಿದೆ. ಕಮೋಡು ಪಿಂಗಾಣಿ, ಸೀಳಿದರೆ ಮುಗೀತು. ಥರ್ಮೋಸ್ಟಾಟ್ 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ, ಅಂದರೆ 13 ಸೆಲ್ಸಿಯಸ್.

ಉತ್ತರದಲ್ಲಿ ಬೀಗ ಹಾಕಿಟ್ಟ ಬೇಸಿಗೆ ಮನೆಗಳಿಗೆ ಆ ಬಾಗಿದ ಕೊಳವೆಗಳಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ ಹುಯ್ಯುತ್ತಾರೆ. ಕಾರಿಗೆ ಹಾಕೋದು ಅಲ್ಲ ಮತ್ತೆ, ಅದು ವಿಷ.

ಮಹೇಶ_ಇರ್ವಿಂಗ್:
ಇದೆಲ್ಲ ಅತಿ ಆಯ್ತು. ನಾನು ಹತ್ತು ವರ್ಷದಿಂದ ಏನೂ ಮಾಡದೆ ಊರಿಗೆ ಹೋಗಿ ಬರ್ತಿದ್ದೀನಿ. ಏನೂ ಆಗಿಲ್ಲ.

ಪಾವಗಡದ_ಪದ್ಮ:
ನಮ್ಮ ಪಕ್ಕದ ಮನೆಯವರೂ 2021ರ ಜನವರಿವರೆಗೆ ಇದೇ ಹೇಳ್ತಿದ್ದರು.

ಅನಾಮಿಕ_ಪ್ಲೇನೋ:
@ಮಹೇಶ_ಇರ್ವಿಂಗ್ ಸಾರ್, ವಿಮೆ ಕಾಗದ ಒಂದು ಸಲ ಓದಿ. ನಾನು ಓದದೆ ಕೆಟ್ಟೆ. ಯಾವ ಕಂಪನಿ ಅಂತ ಹೇಳಲ್ಲ, ಬಹಳಷ್ಟು ಕಡೆ ಇದೇ ಷರತ್ತು ಇರುತ್ತೆ. ಮನೆ ಖಾಲಿ ಬಿಟ್ಟು ಹೋದಾಗ ಒಂದೋ ಹೀಟರ್ ಓಡ್ತಾ ಇರಬೇಕು, ಇಲ್ಲ ನೀರು ನಿಲ್ಲಿಸಿ ಪೈಪು ಖಾಲಿ ಮಾಡಿರಬೇಕು. ಎರಡೂ ಮಾಡದೆ ಒಡೆದರೆ ಅದು ನಿಮ್ಮ ತಪ್ಪು. ನಾನು ಹೀಟರ್ ಆಫ್ ಮಾಡಿ ಹೋಗಿದ್ದೆ. ಪರಿಶೀಲನೆಗೆ ಬಂದವರು ಮೊದಲು ಕೇಳಿದ್ದೇ ಆ ತಿಂಗಳ ಗ್ಯಾಸ್ ಬಿಲ್.

ಎಂಟನೇ ಒಂದು ಇಂಚು ಬಿರುಕಿದ್ದರೆ ದಿನಕ್ಕೆ 250 ಗ್ಯಾಲನ್ ಸೋರಬಹುದು ಅಂತಾರೆ. ಹತ್ತಿರ ಹತ್ತಿರ 950 ಲೀಟರ್. ಊರಿನ ಮಹಡಿ ಮೇಲಿರೋ ಕರಿ ಸಿಂಟೆಕ್ಸ್ ಟ್ಯಾಂಕನ್ನು ದಿನಾ ಒಂದು ಮನೆಯೊಳಗೆ ಮಗುಚಿದ ಹಾಗೆ. ನಮ್ಮನೇಲಿ ಹನ್ನೊಂದು ದಿನ ಸೋರಿತ್ತು. ಮರದ ನೆಲ ದೋಣಿ ಥರ ಎದ್ದಿತ್ತು.

ಮಹೇಶ_ಇರ್ವಿಂಗ್:
…ಕಾಗದ ಹುಡುಕ್ತಾ ಇದ್ದೀನಿ.

ವಿನಯ್_ಬಫಲೋ:
ಕಟ್ಟಿಕೊಂಡ ಪೈಪು ಬಿಡಿಸೋ ವಿಷಯ. ಹೇರ್ ಡ್ರೈಯರ್ ಸಾಕು. ನಲ್ಲಿ ತೆರೆದಿಟ್ಟು, ನಲ್ಲಿ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ನಡುವೆ ಕಾಯಿಸಿದರೆ ಆವಿಗೂ ನೀರಿಗೂ ದಾರಿ ಇಲ್ಲದೆ ಅಲ್ಲೇ ಒಡೆಯುತ್ತೆ. ನಮ್ಮ ಹಳೇ ಮನೆ ಮಾಲೀಕ ಗ್ಯಾಸ್ ಟಾರ್ಚ್ ಹಿಡಿದು ಬೇಸ್‌ಮೆಂಟಿಗೆ ಇಳಿದ. ಪೈಪಿನ ಐಸ್ ಕರಗಿತು, ಜತೆಗೆ ಗೋಡೆಯೊಳಗಿನ ಕಾಗದದ ಹೊದಿಕೆ ಹೊಗೆಯಾಡೋಕೆ ಶುರುವಾಯಿತು. ಅಗ್ನಿಶಾಮಕದವರು ಬಂದು ಗೋಡೆ ಒಡೆದರು. ಪೈಪು ಮಾತ್ರ ಚೆನ್ನಾಗಿತ್ತು.

ಪ್ರಸನ್ನ_ಎಡಿಸನ್:
ಪೈಪಿಗೆ ಸುತ್ತೋ ಕರೆಂಟ್ ಪಟ್ಟಿ ಬರುತ್ತಲ್ಲ, ಅದು ಹೇಗೆ?

ವಿನಯ್_ಬಫಲೋ:
ಒಳ್ಳೆಯದೇ, ಥರ್ಮೋಸ್ಟಾಟ್ ಇರೋದು ತಗೊಳ್ಳಿ. ಪಟ್ಟಿ ಮೇಲೆ ಪಟ್ಟಿ ಸುತ್ತಬೇಡಿ, ಅಲ್ಲೇ ಕಾದು ಬೆಂಕಿ ಹತ್ತೋದು. ಕರೆಂಟ್ ಹೋದರೆ ಅದೂ ಇಲ್ಲ, ಅದು ನೆನಪಿರಲಿ. 2021ರಲ್ಲಿ ಟೆಕ್ಸಾಸ್‌ನವರಿಗೆ ಆಗಿದ್ದೇ ಅದು.

ರವಿ_ಹ್ಯೂಸ್ಟನ್:
ಫೋಮ್ ಕೊಳವೆ ಸುತ್ತಿದ್ದೀನಿ, ಇನ್ನು ಚಿಂತೆ ಇಲ್ಲ ಅನ್ನೋರಿಗೂ ಒಂದು ಮಾತು. ಫೋಮ್ ಕಂಬಳಿ ಇದ್ದ ಹಾಗೆ. ಇರೋ ಬಿಸಿ ಬೇಗ ಹೋಗದ ಹಾಗೆ ಹಿಡಿಯುತ್ತೆ, ತಾನಾಗಿ ಬಿಸಿ ಮಾಡಲ್ಲ. ಒಂದು ರಾತ್ರಿಗೆ ಸಾಕು, ಮೂರು ದಿನಕ್ಕೆ ಸಾಲದು.

ಕೊಳಾಯಿ_ಕಿಟ್ಟಿ:
ಸರಿಯಾಗಿ ಹೇಳಿದಿರಿ. ಎಷ್ಟು ಚಳಿಗೆ ಎಚ್ಚರ ಆಗಬೇಕು ಅನ್ನೋರಿಗೆ: ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಟ್ಟದಲ್ಲಿರೋ, ಹೊದಿಕೆ ಇಲ್ಲದ ಪೈಪಿಗೆ ಹೊರಗೆ 20 ಫ್ಯಾರನ್‌ಹೀಟ್ ಮುಟ್ಟಿದಾಗ ಅಪಾಯ ಶುರು. ಸೆಲ್ಸಿಯಸ್‌ನಲ್ಲಿ ಮೈನಸ್ 7 ಅಂದುಕೊಳ್ಳಿ. ನೀರು ಐಸ್ ಆಗೋ 32 ಫ್ಯಾರನ್‌ಹೀಟ್‌ಗೇ ಗಾಬರಿ ಬೇಡ. ಗಾಳಿ ನುಗ್ಗೋ ಸಂದಿದ್ದರೆ ಮಾತ್ರ ಈ ಲೆಕ್ಕ ನಂಬಬೇಡಿ.

ಮಂಜಿನೂರು_ಮಂಜುನಾಥ:
ಗಾರ್ಡನ್ ಪೈಪು ಬಿಚ್ಚಿ, ಬಿಚ್ಚಿ, ಬಿಚ್ಚಿ. ಇಷ್ಟೆಲ್ಲ ಕೊಚ್ಚಿಕೊಂಡ ನಾನು ಮೊದಲ ವರ್ಷ ಅದನ್ನೇ ಮರೆತಿದ್ದೆ. ನಮ್ಮ ಹೊರಗಿನ ನಲ್ಲಿ ಚಳಿ ತಡೆಯೋ ಥರದ್ದು, ವಾಲ್ವ್ ಗೋಡೆಯೊಳಗೆ ಒಂದಡಿ ಹಿಂದೆ ಇರುತ್ತೆ. ಆದರೆ ಹೋಸ್ ಸಿಕ್ಕಿಸಿದ್ದರೆ ನೀರು ಹೊರಗೆ ಇಳಿಯೋಕೆ ಆಗದೆ ಒಳಗೇ ಐಸ್ ಆಗುತ್ತೆ. ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಬಿಟ್ಟೆ. ಹೊರಗೆ ಸಣ್ಣ ಧಾರೆ, ಒಳಗೆ ಬೇಸ್‌ಮೆಂಟಿನಲ್ಲಿ ಜೋಗ.

ರವಿ_ಹ್ಯೂಸ್ಟನ್:
ಚಳಿಯೂ ಒಂದು ಚಳಿನಾ ಅಂದವರು ಯಾರಪ್ಪಾ?

ಮಂಜಿನೂರು_ಮಂಜುನಾಥ:
ಗೊತ್ತಿಲ್ಲ, ಯಾರೋ.

ಸುಧಾ_ಫ್ರಿಸ್ಕೊ:
ಶನಿವಾರದ ವರದಿ. ಮೇನ್ ವಾಲ್ವ್ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಆರು ವರ್ಷ ಇದ್ದೇವೆ ಈ ಮನೇಲಿ! ಗರಾಜ್ ಹುಡುಕಿ, ಅಟ್ಟ ಹತ್ತಿ, ಕೊನೆಗೆ ಮುಂದಿನ ಹುಲ್ಲಿನಲ್ಲಿ ಒಂದು ಮುಚ್ಚಳ ಕಂಡಿತು. ತೆಗೆದರೆ ಮಣ್ಣು, ಎರೆಹುಳ, ಒಂದು ಕಪ್ಪೆ. ಕೈಯಿಂದ ಬಗೆದು ತೆಗೆದ ಮೇಲೆ ಮೀಟರ್ ಸಿಕ್ಕಿತು. ಪಕ್ಕದಲ್ಲೇ ವಾಲ್ವ್, ಆದರೆ ಇಕ್ಕಳಕ್ಕೆ ಜಗ್ಗಲಿಲ್ಲ. ಟಿ ಆಕಾರದ ಉದ್ದ ಕೀಲಿ ಬೇಕಂತೆ, ಸಾಮಾನಿನ ಅಂಗಡಿಯಿಂದ ತಂದೆವು. ತಿರುಗಿತು. ಮೇಲೆ ಕೆಳಗೆ ನಲ್ಲಿ ತೆರೆದು ಪೂರ್ತಿ ಒಂದು ರಿಹರ್ಸಲ್ ಮಾಡಿದೆವು. ಇಪ್ಪತ್ತು ನಿಮಿಷ. ಕಪ್ಪೆಯನ್ನು ವಾಪಸ್ ಬಿಟ್ಟಿದ್ದೇವೆ.

ಥರ್ಮೋಸ್ಟಾಟ್ 55. ಒಂದು ಕೀ ಎದುರು ಮನೆಯವರಿಗೆ. ಫೋನಿಗೆ ಸಂದೇಶ ಕಳಿಸೋ ಸೋರಿಕೆ ಯಂತ್ರ ತರೋಣ ಅಂದರು ನಮ್ಮವರು. ಕರೆಂಟ್ ಹೋದರೆ ವೈಫೈ ಇಲ್ಲ, ಎದುರು ಮನೆಯವರು ಇರ್ತಾರೆ ಅಂದೆ.

ಪಾವಗಡದ_ಪದ್ಮ:
ಖಾಲಿ ಮಾಡಿದ ನೀರು ಏನು ಮಾಡಿದಿರಿ? ಅಮ್ಮ ಕೇಳ್ತಿದ್ದಾರೆ.

ಸುಧಾ_ಫ್ರಿಸ್ಕೊ:
ಅತ್ತೆ ಆರು ಬಕೆಟ್ ಹಿಡಿದಿಟ್ಟಿದ್ದಾರೆ ಅಂತ ಹೇಳಿ.

ಮಹೇಶ_ಇರ್ವಿಂಗ್:
ಸುಧಾ ಅವರೇ, ಆ ಟಿ ಕೀಲಿ ನೀವು ಹೊರಡೋ ಮುಂಚೆ ಒಂದು ದಿನ ಕೊಡ್ತೀರಾ? ಭಾನುವಾರ ಬಂದು ತಗೊಂಡು ಹೋಗ್ತೀನಿ.